ಟೋಕಿಯೊದಲ್ಲಿ ಸುಶಿ: ಅಂಗಡಿ ಹುಡುಕುವುದು ಹೇಗೆ, ಒಳಗೆ ಹೋದ ಮೇಲೆ ಏನು ಮಾಡಬೇಕು

ಟೋಕಿಯೊಗೆ ಹೊರಟವರು ನನಗೆ ಕಳಿಸುವ ಮೆಸೇಜ್ ಯಾವಾಗಲೂ ಒಂದೇ. "ಅಲ್ಲಿ ಬೆಸ್ಟ್ ಸುಶಿ ಎಲ್ಲಿ? ಒಂದು ಹೆಸರು ಹೇಳಿ ಸಾಕು." ಹೆಸರು ಹೇಳುವುದಕ್ಕೆ ನನಗೇನೂ ಕಷ್ಟ ಇಲ್ಲ. ಆದರೆ ನಾನು ಹೇಳಿದ ಅಂಗಡಿಗೆ ಬುಕಿಂಗ್ ಸಿಗುವುದಿಲ್ಲ, ಸಿಕ್ಕರೂ ನೀವು ಅಲ್ಲಿರುವ ದಿನ ರಜೆ ಇರುತ್ತದೆ, ಇಲ್ಲವಾದರೆ ಬಿಲ್ ನೋಡಿ ನೀವು ನನ್ನನ್ನೇ ಬೈದುಕೊಳ್ಳುತ್ತೀರಿ. ಆ ಊರಲ್ಲಿ ಒಂದು ತಟ್ಟೆ 150 ಯೆನ್‌ಗೆ ಕೊಡುವವರೂ ಇದ್ದಾರೆ, ಒಬ್ಬರ ಊಟಕ್ಕೆ 40,000 ಯೆನ್ ತೆಗೆದುಕೊಳ್ಳುವವರೂ ಇದ್ದಾರೆ. ಒಂದು ಯೆನ್ ಅಂದರೆ ಅರ್ಧ ರೂಪಾಯಿಗಿಂತ ಸ್ವಲ್ಪ ಜಾಸ್ತಿ, ಲೆಕ್ಕ ನೀವೇ ಹಾಕಿಕೊಳ್ಳಿ.

ಹಾಗಾಗಿ ಹೆಸರಿಗಿಂತ ಮೊದಲು ಅಂಗಡಿಯನ್ನು ಅಳೆಯುವುದು ಹೇಗೆ ಅಂತ ಹೇಳುತ್ತೇನೆ. ಹೆಸರುಗಳೂ ಬರುತ್ತವೆ, ಗಾಬರಿ ಬೇಡ.

ನಾನು ಕರಾವಳಿಯವನು. ನಮ್ಮ ಕಡೆ ಹೊಸ ಊಟದ ಹೋಟೆಲಿಗೆ ಹೋದರೆ ಅಂಜಲ್ ಫ್ರೈ ತಿಂದು ತೀರ್ಪು ಕೊಡುವುದಿಲ್ಲ. ಅಂಜಲ್ ಯಾರು ಹುರಿದರೂ ರುಚಿಯೇ. ಬಂಗುಡೆ ಪುಳಿಮುಂಚಿ ಹೇಗಿದೆ ನೋಡುತ್ತೇವೆ, ಅಲ್ವಾ? ಅಗ್ಗದ ಮೀನು, ಬೇಗ ಕೆಡುವ ಮೀನು, ಅದನ್ನು ಚೆನ್ನಾಗಿ ಮಾಡಿದವನ ಕೈ ಒಳ್ಳೆಯದು. ಟೋಕಿಯೊದಲ್ಲೂ ಇದೇ ಲೆಕ್ಕ ನಡೆಯುತ್ತದೆ ಅಂತ ನನಗೆ ಅರ್ಥವಾಗುವುದಕ್ಕೆ ಎರಡು ಪ್ರಯಾಣ ಬೇಕಾಯಿತು. ಮೊದಲ ಸಲ ಎಲ್ಲಾ ಕಡೆ ಟ್ಯೂನಾ, ಅದರಲ್ಲೂ ಕೊಬ್ಬಿನ ಟ್ಯೂನಾ ಮಾತ್ರ ತಿಂದು ಬಂದೆ. ಎಲ್ಲಾ ಅಂಗಡಿಯೂ ಚೆನ್ನಾಗೇ ಇತ್ತು, ಯಾವುದು ಯಾವುದಕ್ಕಿಂತ ಚೆನ್ನಾಗಿತ್ತು ಅಂತ ಕೇಳಿದರೆ ಉತ್ತರ ಇರಲಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ಸುಶಿ ಅಂದರೆ ಹಸಿ ಮೀನು ಅಲ್ಲ. ವಿನೆಗರ್, ಉಪ್ಪು ಬೆರೆಸಿದ ಅನ್ನವೇ ಸುಶಿಯ ಜೀವ, ಮೀನು ಅದರ ಮೇಲೆ ಕೂರುತ್ತದೆ. ಅನ್ನ ಇಲ್ಲದ ಬರೀ ಹಸಿ ಮೀನು ಸಶಿಮಿ. ಟೋಕಿಯೊದ ಹಳೆಯ ಹೆಸರು ಎದೋ. ಅಲ್ಲಿ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಗಾಡಿಗಳಲ್ಲಿ ಸುಶಿ ಮಾರುತ್ತಿದ್ದರು, ಜನ ನಿಂತುಕೊಂಡೇ ತಿಂದು ಹೋಗುತ್ತಿದ್ದರು. ಅನ್ನದ ಉಂಡೆ ಒತ್ತಿ ಮೇಲೆ ಮೀನಿಡುವ ಈ ನಿಗಿರಿ ಸುಶಿಗೆ ಹನಾಯಾ ಯೊಹೇ ಎಂಬವರ ಹೆಸರು ಹೇಳುತ್ತಾರೆ. ಆಗ ಫ್ರಿಜ್ ಎಲ್ಲಿತ್ತು? ಹಾಗಾಗಿ ಮೀನಿಗೆ ಉಪ್ಪು ಹಚ್ಚುವುದು, ವಿನೆಗರಿನಲ್ಲಿ ಅದ್ದುವುದು, ಸೋಯಾ ಸಾಸಿನಲ್ಲಿ ನೆನೆಸುವುದು, ಬೇಯಿಸುವುದು, ಹೀಗೆ ಏನಾದರೂ ಮಾಡಿಯೇ ಇಡುತ್ತಿದ್ದರು. ಎದೊಮಾಯೆ ಶೈಲಿ ಅಂದರೆ ಇದೇ. ಸುಮ್ನೆ ಮೀನು ಕತ್ತರಿಸಿ ಅನ್ನದ ಮೇಲಿಡುವುದಲ್ಲ.

ಟ್ಯೂನಾದ ಕೊಬ್ಬಿನ ಭಾಗ, ಈಗ ಎಲ್ಲರೂ ಮುಗಿಬೀಳುವ ತೊರೊ, ಆ ಕಾಲದಲ್ಲಿ ಯಾರಿಗೂ ಬೇಡವಾಗಿತ್ತು. ಬೇಗ ಹಾಳಾಗುತ್ತದೆ, ಸೋಯಾ ಹಿಡಿಯುವುದಿಲ್ಲ. ಬೆಕ್ಕು ಕೂಡ ದಾಟಿಕೊಂಡು ಹೋಗುತ್ತದೆ ಅಂತ ಅದನ್ನು ಹೀಯಾಳಿಸುತ್ತಿದ್ದರಂತೆ. ನಿಹೊನ್‌ಬಾಶಿಯಲ್ಲಿ 1879ರಲ್ಲಿ ಶುರುವಾದ ಯೊಶಿನೊ ಎಂಬ ಅಂಗಡಿ ಇದೆ, ತೊರೊ ಅನ್ನುವ ಹೆಸರು ಹುಟ್ಟಿದ್ದೇ ಅಲ್ಲಿ ಅಂತ ಹೇಳುತ್ತಾರೆ.

ಅಂಗಡಿ ಅಳೆಯುವ ಮೀನು

ಹಿಕಾರಿಮೊನೊ ಅನ್ನುವ ಪದ ಒಂದು ನೆನಪಿಟ್ಟುಕೊಳ್ಳಿ. ಹೊಳೆಯುವ ಮೀನುಗಳು ಅಂತ ಅರ್ಥ. ಬೆಳ್ಳಿ ಚರ್ಮ ಉಳಿಸಿಕೊಂಡೇ ಬಡಿಸುವ ಸಣ್ಣ ಮೀನುಗಳು. ಇದರಲ್ಲಿ ಸಾಬಾ ಅಂದರೆ ನಮ್ಮ ಬಂಗುಡೆಯ ನೆಂಟ. ಇವಾಶಿ ಅಂದರೆ ಬೂತಾಯಿಯ ಕಡೆಯದು. ಆದರೆ ಅಲ್ಲಿನ ಸುಶಿ ಪ್ರಿಯರು ಅಂಗಡಿ ಅಳೆಯುವುದು ಕೊಹಾದಾ ಎಂಬ ಮೀನಿನಿಂದ. ಅಂಗೈಗಿಂತ ಸ್ವಲ್ಪ ಉದ್ದ, ಮೈತುಂಬಾ ಚುಕ್ಕಿ. ಬೇಯಿಸಿ ತಿಂದರೆ ಮುಳ್ಳೇ ಮುಳ್ಳು. ಅದನ್ನು ಬಿಡಿಸಿ, ಉಪ್ಪು ಹಚ್ಚಿ, ತೊಳೆದು, ವಿನೆಗರಿನಲ್ಲಿಟ್ಟು, ತೆಗೆದು ಒಂದೆರಡು ದಿನ ಹದಕ್ಕೆ ಬಿಡುತ್ತಾರೆ. ಎಷ್ಟು ನಿಮಿಷ ಉಪ್ಪು, ಎಷ್ಟು ನಿಮಿಷ ವಿನೆಗರ್ ಅನ್ನುವುದು ಆ ದಿನದ ಹವೆ, ಮೀನಿನ ಗಾತ್ರ, ಕೊಬ್ಬು ನೋಡಿ ಬದಲಾಗುತ್ತದೆ. ಮೀನಿಗೆ ಬೆಲೆ ಕಡಿಮೆ, ಕೆಲಸ ಜಾಸ್ತಿ. ಯಾಮಾರಿಸಲು ಆಗುವುದಿಲ್ಲ. ಬೇಸಿಗೆಯಲ್ಲಿ ಬರುವ ಇದರ ಮರಿಗೆ ಶಿಂಕೊ ಅನ್ನುತ್ತಾರೆ. ಆ ಮರಿ ಮಾತ್ರ ಭಾರಿ ದುಬಾರಿ. ಆಸೆ ಆದರೂ ಮೊದಲು ಬೆಲೆ ಕೇಳಿ.

ಹೇಗಿರಬೇಕು? ಹುಳಿ ಮೊದಲು ಗೊತ್ತಾಗಬೇಕು, ಆಮೇಲೆ ಮೀನಿನ ರುಚಿ ಬರಬೇಕು, ಕೊನೆಗೆ ಅನ್ನ. ಬರೀ ಹುಳಿ ಬಂದರೆ ಅವಸರದ ಕೆಲಸ. ಬರೀ ಮೀನಿನ ವಾಸನೆ ಬಂದರೆ ಅದೂ ಅವಸರದ ಕೆಲಸವೇ. ಕೊಹಾದಾ ಇಲ್ಲದ ಕಡೆ ಶಿಮೆ ಸಾಬಾ ಕೇಳಿ. ಉಪ್ಪು, ವಿನೆಗರ್ ಹಾಕಿ ಹದ ಮಾಡಿದ ಬಂಗುಡೆ ಅಂದುಕೊಳ್ಳಿ. ನಾನು ಅದನ್ನು ಮೊದಲ ಸಲ ಬಾಯಿಗಿಟ್ಟಾಗ ಮನೆಯ ಬಂಗುಡೆ ಸಾರಿನ ಹುಣಸೆಹುಳಿ ನೆನಪಾಯಿತು. ಸಾರಿನ ಖಾರ ಒಂದು ಇರಲಿಲ್ಲ.

ಇನ್ನೊಂದು ಅಳತೆ ಅನ್ನ. ಅನ್ನಕ್ಕೆ ಅಲ್ಲಿ ಶಾರಿ ಅನ್ನುತ್ತಾರೆ. ಫ್ರಿಜ್‌ನಿಂದ ತೆಗೆದ ಹಾಗೆ ತಣ್ಣಗಿರಬಾರದು, ಕೈ ಬೆಚ್ಚಗಿರುವಷ್ಟು ಬೆಚ್ಚಗಿರಬೇಕು. ಬೆರಳಲ್ಲಿ ಎತ್ತಿದರೆ ಉದುರಬಾರದು, ಬಾಯಲ್ಲಿಟ್ಟರೆ ತಾನೇ ಬಿಡಿಬಿಡಿಯಾಗಬೇಕು. ಕೆಲವು ಕಡೆ ಅನ್ನ ಕಂದು ಬಣ್ಣಕ್ಕಿರುತ್ತದೆ, ಹಳೆಯದು ಅಂದುಕೊಳ್ಳಬೇಡಿ. ಅದು ಸಾಕೆ ಮದ್ಯ ಹಿಂಡಿದ ಮೇಲೆ ಉಳಿಯುವ ಗಸಿಯಿಂದ ಮಾಡಿದ ಕೆಂಪು ವಿನೆಗರಿನ ಬಣ್ಣ.

ದುಡ್ಡು ಎಷ್ಟಿದೆ ಅಂತ ನೋಡಿ ಅಂಗಡಿ

ಮಕ್ಕಳಿದ್ದರೆ, ಅಥವಾ ಇದೇ ಮೊದಲ ಸಲ ಆಗಿದ್ದರೆ ತಿರುಗುವ ಬೆಲ್ಟಿನ ಅಂಗಡಿಗೇ ಹೋಗಿ. ಕೈತೆನ್ ಸುಶಿ. ಇದು ಟೋಕಿಯೊದ್ದಲ್ಲ, 1958ರಲ್ಲಿ ಒಸಾಕಾ ಪಕ್ಕದಲ್ಲಿ ಶಿರಾಯಿಶಿ ಯೊಶಿಅಕಿ ಎಂಬವರು ಶುರು ಮಾಡಿದ್ದು. ಬಿಯರ್ ಫ್ಯಾಕ್ಟರಿಯ ಬೆಲ್ಟ್ ಮೇಲೆ ಬಾಟಲಿಗಳು ಹೋಗುವುದನ್ನು ನೋಡಿ ಹೊಳೆದ ಉಪಾಯ. ಈಗ ತುಂಬಾ ಕಡೆ ಬೆಲ್ಟ್ ಮೇಲೆ ತಟ್ಟೆಗಳು ಸುಮ್ಮನೆ ಸುತ್ತುವುದಿಲ್ಲ. ಟೇಬಲ್ ಮೇಲಿನ ಸ್ಕ್ರೀನ್ ಒತ್ತಿದರೆ ನಿಮ್ಮ ತಟ್ಟೆ ಮಾತ್ರ ಓಡಿ ಬಂದು ನಿಲ್ಲುತ್ತದೆ. ಇಂಗ್ಲಿಷ್ ಇದೆ, ಚಿತ್ರ ಇದೆ, ಬೆಲೆ ಇದೆ. ಸುಶಿರೊ, ಕುರಾ ಸುಶಿ, ಹಮಾ ಸುಶಿ ದೊಡ್ಡ ಸರಣಿಗಳು. ಕುರಾದಲ್ಲಿ ಖಾಲಿ ತಟ್ಟೆ ಐದನ್ನು ಟೇಬಲಿನ ಕಿಂಡಿಗೆ ಹಾಕಿದರೆ ಸ್ಕ್ರೀನಲ್ಲಿ ಆಟ ಬರುತ್ತದೆ, ಗೆದ್ದರೆ ಸಣ್ಣ ಆಟಿಕೆ. ಇದಕ್ಕೋಸ್ಕರ ಹೊಟ್ಟೆ ತುಂಬಿದ ಮೇಲೂ ಇನ್ನೆರಡು ತಟ್ಟೆ ತಿನ್ನುವ ದೊಡ್ಡವರನ್ನು ನಾನು ನೋಡಿದ್ದೇನೆ. ಒಂದು ವಿಷಯ, ಒಂದೇ ಸರಣಿಯಾದರೂ ಊರ ಮಧ್ಯದ ಅಂಗಡಿಯಲ್ಲಿ ತಟ್ಟೆಯ ಬೆಲೆ ಹೊರವಲಯದ ಅಂಗಡಿಗಿಂತ ಜಾಸ್ತಿ.

ಟೇಬಲಿನ ಅಂಚಿನಲ್ಲಿ ಕಪ್ಪು ಗುಂಡಿ ಇರುವ ಒಂದು ನಲ್ಲಿ ಇರುತ್ತದೆ. ಕೈ ತೊಳೆಯಲು ಅಲ್ಲ! ಪಕ್ಕದ ಡಬ್ಬಿಯ ಹಸಿರು ಪುಡಿ ಲೋಟಕ್ಕೆ ಹಾಕಿ, ಲೋಟದಿಂದ ಆ ಗುಂಡಿ ಒತ್ತಿದರೆ ಕುದಿಯುವ ನೀರು ಬರುತ್ತದೆ, ಚಹಾ ತಯಾರು. ನಾನು ಮೊದಲ ದಿನ ಬೆರಳು ಒಡ್ಡಿದವನು. ನೀವು ಒಡ್ಡಬೇಡಿ.

ಇದೇ ಬೆಲ್ಟಿನ ಜಾತಿಯಲ್ಲಿ ಒಂದು ಮೆಟ್ಟಿಲು ಮೇಲೆ, ಜಪಾನಿನ ಉತ್ತರದ ದ್ವೀಪ ಹೊಕ್ಕೈದೊ ಕಡೆಯಿಂದ ಬಂದ ಅಂಗಡಿಗಳಿವೆ. ಟೋಕಿಯೊ ಸ್ಟೇಷನ್ ಎದುರಿನ ಕಿಟ್ಟೆ ಕಟ್ಟಡದಲ್ಲಿ ನೆಮುರೊ ಹನಮಾರು, ಸ್ಕೈಟ್ರೀ ಗೋಪುರದ ಕೆಳಗಿನ ಸೊಲಮಾಚಿ ಮಾಲಿನಲ್ಲಿ ಟೊರಿಟೊನ್. ದುಡ್ಡಿಗೆ ತಕ್ಕ ರುಚಿ ಅಂತ ಕೇಳಿದರೆ ನನ್ನ ಓಟು ಇವಕ್ಕೆ. ತೊಂದರೆ ಅಂದರೆ ಕ್ಯೂ. ಊಟದ ಹೊತ್ತಿಗೆ ಹೋದರೆ ಗಂಟೆಗಟ್ಟಲೆ ಕಾಯಬೇಕು. ಚೀಟಿ ತೆಗೆದುಕೊಂಡು ಸುತ್ತಾಡಿ ಬನ್ನಿ, ಇಲ್ಲವೇ ವಾರದ ದಿನ ಮಧ್ಯಾಹ್ನ ಮೂರರ ಮೇಲೆ ಹೋಗಿ. ಸುಶಿ ನೊ ಮಿದೊರಿ ಬೆಲ್ಟಿನ ಅಂಗಡಿಯಲ್ಲ, ಮಾಮೂಲಿ ಕೂತು ತಿನ್ನುವುದು, ಆದರೆ ಕ್ಯೂ ವಿಷಯದಲ್ಲಿ ಅದೂ ಹಾಗೇ.

ಟೋಕಿಯೊದಲ್ಲಿ ಒಂದೇ ಒಂದು ಸಲ ಸುಶಿ ತಿನ್ನುವ ಅವಕಾಶ ಇರುವವರಿಗೆ ನಾನು ಹೇಳುವುದು ಮಾತ್ರ ಬೇರೆ: ವಾರದ ದಿನ, ಮಧ್ಯಾಹ್ನ, ಬೀದಿಬದಿಯ ಸಣ್ಣ ಕೌಂಟರ್ ಅಂಗಡಿ. ರಾತ್ರಿ 15,000 ಯೆನ್ ತೆಗೆದುಕೊಳ್ಳುವ ಅಂಗಡಿಯೇ ಮಧ್ಯಾಹ್ನ 2,000ದಿಂದ 4,000 ಯೆನ್‌ಗೆ ಒಂದು ಸೆಟ್ ಕೊಡುವುದುಂಟು. ಅದೇ ಕೈ, ಅದೇ ಅನ್ನ, ಮೀನು ಮಾತ್ರ ಸ್ವಲ್ಪ ಸರಳ. ಸೆಟ್‌ಗಳಿಗೆ ಮೂರು ಮಟ್ಟ ಇರುತ್ತದೆ: ನಾಮಿ ಅಂದರೆ ಸಾದಾ, ಜೋ ಅಂದರೆ ಮೇಲಿನದು, ತೊಕುಜೋ ಅಂದರೆ ಇನ್ನೂ ಮೇಲಿನದು. ತೊಕುಜೋಗೆ ಹಾಕುವ ದುಡ್ಡು ಬಹಳಷ್ಟು ತೊರೊ ಮತ್ತು ಉನಿಗೇ (ಮುಳ್ಳುಚೆಂಡಿನಂಥ ಕಡಲಜೀವಿ, ಸೀ ಅರ್ಚಿನ್) ಹೋಗುತ್ತದೆ. ನಾನು ಜೋ ತೆಗೆದುಕೊಂಡು, ಉಳಿದ ದುಡ್ಡಲ್ಲಿ ಎರಡು ಕೊಹಾದಾ ಬಿಡಿಯಾಗಿ ಕೇಳುತ್ತೇನೆ. ಹೀಗೆ ಬಿಡಿಬಿಡಿಯಾಗಿ ಕೇಳುವುದಕ್ಕೆ ಒಕೊನೊಮಿ ಅನ್ನುತ್ತಾರೆ. ವಿದೇಶಿಯವನೊಬ್ಬ ಕೊಹಾದಾ ಕೇಳಿದರೆ ಕೌಂಟರಿನ ಆಚೆ ಇರುವ ಮಾಸ್ಟರ್ ಮುಖ ಸ್ವಲ್ಪ ಅರಳುತ್ತದೆ. ಇದನ್ನು ನಾನು ಪದೇ ಪದೇ ನೋಡಿದ್ದೇನೆ.

ಇಂಥ ಅಂಗಡಿ ಹುಡುಕುವುದು ಹೇಗೆ? ತಾಬೆಲೊಗ್ ಎಂಬ ಜಪಾನಿ ಆ್ಯಪ್ ನೋಡಿ. ಅಲ್ಲಿ ಐದಕ್ಕೆ 3.5 ಬಂದರೆ ಭಾರಿ ಒಳ್ಳೆಯದು ಅಂತ ಅರ್ಥ, ಅಲ್ಲಿಯ ಜನ ಅಂಕ ಕೊಡುವುದರಲ್ಲಿ ನಮ್ಮ ಹಳೇ ಗಣಿತ ಮೇಷ್ಟ್ರ ಥರ. ನಮ್ಮ ಕಡೆಯ ಲೆಕ್ಕ ಹಿಡಿದು 4.5 ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಹಳೇ ಅಂಗಡಿ ನೋಡುವ ಆಸೆ ಇದ್ದರೆ ಅಸಾಕುಸಾದಲ್ಲಿ 1866ರಿಂದ ಇರುವ ಬೆಂತೆನ್‌ಯಾಮಾ ಮಿಯಾಕೊ ಜುಶಿ ಇದೆ, ಅಲ್ಲಿ ಎಲ್ಲಾ ಮೀನಿಗೂ ಹಳೆಯ ಕಾಲದ ಹಾಗೆ ಏನಾದರೊಂದು ಕೈಕೆಲಸ ಆಗಿರುತ್ತದೆ. ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯದೇ ಇರಬಹುದು. ಜೇಬಲ್ಲಿ ನೋಟು ಇರಲಿ.

ಇನ್ನು ಒಮಾಕಸೆ. ನಿಮಗೇ ಬಿಟ್ಟಿದ್ದು ಅಂತ ಮಾಸ್ಟರಿಗೆ ಹೇಳುವುದು. ಅವರು ಕೊಟ್ಟಿದ್ದನ್ನು ಕೊಟ್ಟ ಕ್ರಮದಲ್ಲಿ ತಿನ್ನುವುದು. ಇಲ್ಲಿಗೆ ಬಂದ ಕೂಡಲೇ ಎಲ್ಲರ ಬಾಯಲ್ಲೂ ಸುಕಿಯಾಬಾಶಿ ಜಿರೊ. ಗಿಂಜಾದಲ್ಲಿ ನೆಲಮಾಳಿಗೆಯ ಹತ್ತು ಸೀಟಿನ ಅಂಗಡಿ, ಅದರ ಮಾಸ್ಟರ್ ಒನೊ ಜಿರೊ ಹುಟ್ಟಿದ್ದು 1925ರಲ್ಲಿ, 2014ರಲ್ಲಿ ಒಬಾಮಾ ಅವರನ್ನು ಜಪಾನಿನ ಆಗಿನ ಪ್ರಧಾನಿ ಅಬೆ ಕರೆದುಕೊಂಡು ಹೋಗಿದ್ದು ಅಲ್ಲಿಗೇ. ಮಿಶೆಲಿನ್ ಪುಸ್ತಕ ಮೂರು ನಕ್ಷತ್ರ ಕೊಟ್ಟಿತ್ತು, 2019ರಲ್ಲಿ ಪಟ್ಟಿಯಿಂದ ತೆಗೆಯಿತು. ರುಚಿ ಕೆಟ್ಟಿತು ಅಂತಲ್ಲ. ಸಾಮಾನ್ಯ ಜನಕ್ಕೆ ಬುಕಿಂಗೇ ಸಿಗದ ಅಂಗಡಿಯನ್ನು ಪಟ್ಟಿಯಲ್ಲಿ ಇಟ್ಟು ಏನು ಉಪಯೋಗ ಅಂತ. ನನ್ನ ಮಾತೂ ಅದೇ. ಅದರ ಹಿಂದೆ ಓಡಿ ರಜೆ ಹಾಳು ಮಾಡಿಕೊಳ್ಳಬೇಡಿ.

ಗಿಂಜಾದಲ್ಲೇ ಕ್ಯೂಬೇ ಇದೆ, 1935ರದು. ಅನ್ನದ ಸುತ್ತ ನೋರಿ, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆ ಗೋಡೆಯ ಹಾಗೆ ನಿಲ್ಲಿಸಿ ಒಳಗೆ ಮೀನಿನ ಮೊಟ್ಟೆ ತುಂಬುತ್ತಾರಲ್ಲ, ಆ ಗುಂಕನ್ ಸುಶಿ ಹುಟ್ಟಿದ್ದು ಇಲ್ಲಿ ಅಂತ ಹೇಳುತ್ತಾರೆ. ವಿದೇಶಿಯರಿಗೆ ಅಭ್ಯಾಸ ಆದ ಜಾಗ, ಬುಕಿಂಗ್ ಸಿಗುತ್ತದೆ, ಮಧ್ಯಾಹ್ನ ರಾತ್ರಿಗಿಂತ ತುಂಬಾ ಅಗ್ಗ. ಒಮಾಕಸೆ ಅಂಗಡಿಗಳಿಗೆ ಟೇಬಲ್‌ಚೆಕ್‌ನಂಥ ಆ್ಯಪಿನಲ್ಲಿ ಬುಕ್ ಮಾಡಿ, ಇಲ್ಲವೇ ಉಳಿದುಕೊಳ್ಳುವ ಹೋಟೆಲಿನವರಿಗೆ ಈಮೇಲ್ ಹಾಕಿ ಮಾಡಿಸಿ. ಬುಕ್ ಮಾಡಿ ಹೋಗದೇ ಇದ್ದರೆ ಪೂರ್ತಿ ದುಡ್ಡು ಕತ್ತರಿಸುತ್ತಾರೆ, ಅದು ನ್ಯಾಯವೇ, ಎಂಟು ಸೀಟಿನ ಅಂಗಡಿಯಲ್ಲಿ ಎರಡು ಖಾಲಿ ಅಂದರೆ ಆ ದಿನದ ಕಾಲು ಭಾಗ ಹೋಯಿತು. ಹತ್ತು ನಿಮಿಷ ತಡವಾದರೂ ಫೋನ್ ಮಾಡಿ. ಸೆಂಟ್ ಹಾಕಿಕೊಂಡು ಹೋಗಬೇಡಿ. ತಿನ್ನದ ಪದಾರ್ಥ ಇದ್ದರೆ ಬುಕ್ ಮಾಡುವಾಗಲೇ ಬರೆಯಿರಿ, ಕೂತ ಮೇಲೆ ಹೇಳಿದರೆ ಅವರಿಗೂ ಕಷ್ಟ ನಿಮಗೂ ಕಷ್ಟ.

ಮಾರ್ಕೆಟ್ ಮೋಹ

ತ್ಸುಕಿಜಿಗೆ ಹೋಗಬೇಕು ಅಂತ ಈಗಲೂ ತುಂಬಾ ಜನ ಹೇಳುತ್ತಾರೆ. ಸಗಟು ಮೀನು ಮಾರುಕಟ್ಟೆ 2018ರ ಅಕ್ಟೋಬರಿನಲ್ಲೇ ಅಲ್ಲಿಂದ ತೊಯೊಸುಗೆ ಹೋಗಿದೆ. ತ್ಸುಕಿಜಿಯಲ್ಲಿ ಉಳಿದಿರುವುದು ಹೊರಗಿನ ಸಾಲಂಗಡಿಗಳು. ಸುತ್ತಾಡಲು ಚೆನ್ನ, ಕಡ್ಡಿಗೆ ಚುಚ್ಚಿದ ಆಮ್ಲೆಟ್ ತಿನ್ನಲೂ ಚೆನ್ನ. ರಾತ್ರಿ ವಿಮಾನದಲ್ಲಿ ಬಂದು ನಿದ್ದೆ ಬರದೆ ಬೆಳಗಿನ ಜಾವ ಹಸಿವಾದವರು ಸುಶಿ ಜನ್‌ಮಾಯ್ ಹೆಸರು ಕೇಳಿರಬಹುದು, 2001ರಲ್ಲಿ ತ್ಸುಕಿಜಿಯಲ್ಲಿ ಶುರುವಾಗಿ 24 ಗಂಟೆಯೂ ತೆರೆದಿರುವ ಅಂಗಡಿ ಅಂತ ಹೆಸರು ಮಾಡಿತು. 2019ರ ಹೊಸ ವರ್ಷದ ಮೊದಲ ಹರಾಜಿನಲ್ಲಿ 278 ಕಿಲೋ ತೂಕದ ಒಂದು ಟ್ಯೂನಾಕ್ಕೆ 33.36 ಕೋಟಿ ಯೆನ್ ಕೊಟ್ಟಿದ್ದು ಇವರ ಕಂಪನಿಯೇ. ಪ್ರಚಾರಕ್ಕೆ ಕೊಟ್ಟ ದುಡ್ಡು, ಮೀನಿಗಲ್ಲ.

ತೊಯೊಸುಗೆ ಯುರಿಕಾಮೊಮೆ ರೈಲಿನಲ್ಲಿ ಹೋಗಿ ಶಿಜೋ ಮಾಯೆ ಸ್ಟೇಷನ್ನಲ್ಲಿ ಇಳಿಯಬೇಕು. ಸುಶಿ ದಾಯ್, ದಾಯ್ವಾ ಸುಶಿ ಎರಡೂ ಹಳೇ ಮಾರುಕಟ್ಟೆಯಿಂದ ಇಲ್ಲಿಗೇ ಬಂದಿವೆ. ಬೆಳಗಿನ ಊಟ, ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಭಾನುವಾರ ರಜೆ, ಕೆಲವು ಬುಧವಾರವೂ ರಜೆ. ನಾನು ಆ 'ಕೆಲವು' ಬುಧವಾರಗಳಲ್ಲಿ ಒಂದು ದಿನ ಮುಂಜಾನೆ ಐದಕ್ಕೆ ಎದ್ದು ಹೋಗಿ, ಖಾಲಿ ಕಾರಿಡಾರಿನಲ್ಲಿ ಕಾವಲಿನವರಿಗೆ ನಮಸ್ಕಾರ ಹೇಳಿ ವಾಪಸ್ ಬಂದೆ. ರಜೆಯ ಕ್ಯಾಲೆಂಡರ್ ಮಾರುಕಟ್ಟೆಯ ವೆಬ್‌ಸೈಟಿನಲ್ಲೇ ಇದೆ, ಎರಡು ನಿಮಿಷದ ಕೆಲಸ.

ಅಷ್ಟಕ್ಕೂ ಮೀನು ಮಾರುಕಟ್ಟೆಯಲ್ಲೇ ತಿಂದರೆ ಮೀನು ಜಾಸ್ತಿ ತಾಜಾ ಅನ್ನುವುದು ನಮ್ಮ ಬಂದರಿನ ಲೆಕ್ಕ. ಆ ಬೆಳಿಗ್ಗೆ ತೊಯೊಸುಗೆ ಬಂದ ಮೀನೇ ಊರಿನ ಒಳ್ಳೆಯ ಅಂಗಡಿಗಳಿಗೂ ಹೋಗುವುದು. ಟ್ಯೂನಾದಂಥ ದೊಡ್ಡ ಮೀನನ್ನು ಕೆಲವು ದಿನ ತಣ್ಣಗೆ ಇಟ್ಟು ಹದ ಬಂದ ಮೇಲೆ ಕತ್ತರಿಸುತ್ತಾರೆ, ಆಗಲೇ ಅದಕ್ಕೆ ರುಚಿ ಬರುವುದು. ದೋಣಿಯಿಂದ ಇಳಿದ ಕೂಡಲೇ ಸಾರಿಗೆ ಬೀಳಬೇಕು ಅಂತ ಬೆಳೆದ ನನ್ನಂಥವನಿಗೆ ಇದನ್ನು ಒಪ್ಪಿಕೊಳ್ಳಲು ಸಮಯ ಹಿಡಿಯಿತು.

ಕೂತ ಮೇಲೆ

ಕೈಯಲ್ಲಿ ತಿನ್ನಬಹುದು. ನಮಗೆ ಇದಕ್ಕಿಂತ ಸಂತೋಷದ ಸುದ್ದಿ ಬೇಕಾ? ಒದ್ದೆ ಬಟ್ಟೆ ಕೊಡುತ್ತಾರೆ, ಒರೆಸಿಕೊಂಡು ಬೆರಳಲ್ಲಿ ಎತ್ತಿ. ಇಡೀ ತುಂಡು ಒಂದೇ ಬಾಯಿಗೆ. ದೊಡ್ಡದಾದರೆ 'ಶಾರಿ ಸುಕುನಾಮೆ' ಅನ್ನಿ, ಅನ್ನ ಕಡಿಮೆ ಹಾಕುತ್ತಾರೆ. ಸೋಯಾದಲ್ಲಿ ಅದ್ದುವಾಗ ಮೀನಿನ ಬದಿ ಮಾತ್ರ ಅದ್ದಿ. ಅನ್ನದ ಬದಿ ಅದ್ದಿದರೆ ಅದು ಪುಡಿಯಾಗಿ ಬಟ್ಟಲಲ್ಲಿ ತೇಲುತ್ತದೆ, ರುಚಿ ಪೂರ್ತಿ ಉಪ್ಪು. ಒಳ್ಳೆಯ ಅಂಗಡಿಯಲ್ಲಿ ಮಾಸ್ಟರ್ ತಾನೇ ಸೋಯಾ ಸವರಿ ಕೊಟ್ಟಿರುತ್ತಾರೆ, ಮತ್ತೆ ಅದ್ದಬೇಡಿ. ಮೂಗಿಗೇರುವ ಹಸಿರು ಖಾರ ವಸಾಬಿಯೂ ಮೀನು ಮತ್ತು ಅನ್ನದ ನಡುವೆ ಮೊದಲೇ ಇರುತ್ತದೆ. ಬೇಡದವರು, ಮಕ್ಕಳಿಗೆ ಹೇಳುವವರು 'ಸಾಬಿ ನುಕಿ' ಅನ್ನಬೇಕು. ಉಪ್ಪು ಸಿಹಿ ಹುಳಿಯ ಶುಂಠಿ ಗಾರಿ ಇರುವುದು ಒಂದು ಮೀನಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ಚೊಕ್ಕ ಮಾಡಲು. ಸುಶಿಯ ಮೇಲೆ ಪೇರಿಸಿಕೊಂಡು ಉಪ್ಪಿನಕಾಯಿಯ ಥರ ನೆಂಚಿಕೊಳ್ಳುವುದಕ್ಕಲ್ಲ.

ಕೌಂಟರ್ ಮೇಲೆ ಇಟ್ಟ ತುಂಡನ್ನು ಕೂಡಲೇ ತಿನ್ನಿ. ಫೋಟೋ ತೆಗೆಯುವುದಾದರೆ ಕೇಳಿ, ಒಂದು ತೆಗೆದು ಫೋನ್ ಕೆಳಗಿಡಿ. ಐದು ಕೋನದಲ್ಲಿ ತೆಗೆಯುವಷ್ಟರಲ್ಲಿ ಅನ್ನ ತಣ್ಣಗಾಗಿರುತ್ತದೆ, ನೋರಿ ಮೆತ್ತಗಾಗಿರುತ್ತದೆ. ಫೋನನ್ನು, ವಾಚನ್ನು ಮರದ ಕೌಂಟರ್ ಮೇಲೆ ಎಳೆದಾಡಬೇಡಿ, ಆ ಹಲಗೆ ದುಬಾರಿ. ಏಳುವಾಗ 'ಗೊಚಿಸೋಸಮಾ' ಅನ್ನಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಟೇಬಲ್ ಮೇಲೆ ಬಿಟ್ಟು ಬಂದರೆ ಮರೆತಿದ್ದೀರಿ ಅಂತ ನಿಮ್ಮ ಹಿಂದೆ ಓಡಿ ಬರುತ್ತಾರೆ.

ಸಸ್ಯಾಹಾರಿಗಳಿಗೆ ನೇರವಾಗಿ ಹೇಳಿಬಿಡುತ್ತೇನೆ: ಒಮಾಕಸೆಗೆ ಹೋಗಬೇಡಿ, ದುಡ್ಡು ದಂಡ. ಬೆಲ್ಟಿನ ಅಂಗಡಿಯಲ್ಲಿ ಸೌತೆಕಾಯಿ ಸುತ್ತಿದ ಕಪ್ಪಾ ಮಾಕಿ ಸಿಗುತ್ತದೆ, ಉಪ್ಪಿನಕಾಯಿ ಮೂಲಂಗಿಯದು ಸಿಗುತ್ತದೆ, ಹುಳಿ ಉಪ್ಪಿನ ಉಮೆ ಹಣ್ಣಿನದು ಸಿಗುತ್ತದೆ. ಇದು ನಮ್ಮ ಮಿಡಿ ಉಪ್ಪಿನಕಾಯಿ ತಿಂದವರಿಗೆ ಹಿಡಿಸುತ್ತದೆ. ಕಂಪ್ಯೊ ಅಂದರೆ ಒಣಗಿಸಿದ ಸೋರೆಕಾಯಿ ಎಳೆ. ಸೋರೆಕಾಯಿ ಅಂತ ಖುಷಿಪಡುವ ಮೊದಲು ಕೇಳಿ, ಅದನ್ನು ಬೇಯಿಸುವ ನೀರಿಗೆ ದಾಶಿ ಹಾಕಿರಬಹುದು. ದಾಶಿ ಅಂದರೆ ಹೆಚ್ಚಾಗಿ ಒಣಮೀನಿನ ರಸ. ತೋಫು ಚೀಲದ ಇನಾರಿಯಲ್ಲಿ, ಮೊಟ್ಟೆಯಲ್ಲಿ, ಮಿಸೋ ಸಾರಿನಲ್ಲಿ ಎಲ್ಲದರಲ್ಲೂ ಅದು ಬರುತ್ತದೆ. ಕಟ್ಟುನಿಟ್ಟಿನವರಿಗೆ ನಿಶಿ ಕಸಾಯ್ ಇದೆ, ಐಟಿ ಕೆಲಸಕ್ಕೆ ಬಂದ ನಮ್ಮವರು ತುಂಬಾ ಇರುವ ಏರಿಯಾ, ಅನ್ನ ಸಾರಿಗೆ ಅಲ್ಲಿ ತೊಂದರೆ ಇಲ್ಲ.

ಇನ್ನು ದುಡ್ಡೆಲ್ಲ ಖಾಲಿಯಾದ ಕೊನೆಯ ರಾತ್ರಿಗೆ ಒಂದು ದಾರಿ. ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳ ನೆಲಮಾಳಿಗೆಯಲ್ಲಿ ಊಟದ ಅಂಗಡಿಗಳ ಸಾಲೇ ಇರುತ್ತದೆ. ಬಾಗಿಲು ಹಾಕುವ ಒಂದು ಗಂಟೆ ಮೊದಲು ಹೋಗಿ ಸುಶಿ ಡಬ್ಬಿಗಳ ಹತ್ತಿರ ನಿಂತುಕೊಳ್ಳಿ. ಕೈಯಲ್ಲಿ ಸ್ಟಿಕ್ಕರ್ ಹಿಡಿದ ಒಬ್ಬರು ಬರುತ್ತಾರೆ. ಮೊದಲು ಶೇಕಡಾ 20, ಆಮೇಲೆ 30, ಎಷ್ಟೋ ಕಡೆ ಕೊನೆಗೆ 'ಹಾನ್‌ಗಾಕು', ಅಂದರೆ ಅರ್ಧ ಬೆಲೆ. ಸೂಪರ್‌ಮಾರ್ಕೆಟಿನಲ್ಲೂ ಇದೇ ನಡೆಯುತ್ತದೆ. ಸುತ್ತ ಇರುವ ಆಫೀಸಿನವರು, ಅಜ್ಜಿಯರು ಬೇರೆ ಏನೋ ನೋಡುತ್ತಿರುವ ಹಾಗೆ ನಟಿಸುತ್ತಾ ಹತ್ತಿರ ಬರುತ್ತಾರೆ. ಸ್ಟಿಕ್ಕರ್ ಬೀಳುವ ಮೊದಲು ಡಬ್ಬಿ ಹಿಡಿದುಕೊಂಡು ಕಾಯುವುದು ಮರ್ಯಾದೆ ಅಲ್ಲ, ಬಿದ್ದ ಮೇಲೆ ತಡ ಮಾಡುವುದೂ ಬುದ್ಧಿವಂತಿಕೆ ಅಲ್ಲ. ಡಬ್ಬಿಯಲ್ಲಿ ಶಿಮೆ ಸಾಬಾ ಇರುವುದನ್ನು ಆರಿಸಿ, ರೂಮಿಗೆ ಹೋಗಿ ಅದೇ ರಾತ್ರಿ ತಿನ್ನಿ. ಬೆಳಿಗ್ಗೆಗೆ ಅಂತ ಫ್ರಿಜ್ಜಿನಲ್ಲಿಟ್ಟರೆ ಅನ್ನ ಅಕ್ಕಿಯೇ ಆಗಿರುತ್ತದೆ.